ಮನಿಗಿ ಭೋಪಳಾ ತರಬ್ಯಾಡ

ಇಂದು ಉದಗೀರದ ಸಂತೆಯಲ್ಲಿ ಒಬ್ಬಾಕೆ ಕುಂಬಳಕಾಯಿ ಹೆಚ್ಚುತ್ತಿದ್ದಳು. ಆ ಹಸಿ ವಾಸನೆಗೆ ನನ್ನ ಕಾಲುಗಳು ನಿಂತುಬಿಟ್ಟವು.

ನಾನು ಚಿಕ್ಕವಳಿದ್ದಾಗ, ಭೂಕಂಪದಲ್ಲಿ ನಮ್ಮ ಮನೆ ಬಿದ್ದ ಮೇಲೆ ಸೋದರತ್ತೆ ನನ್ನನ್ನು ಗುಂಜೋಟಿಗೆ ಕರೆತಂದು ಮರಾಠಿ ಶಾಲೆಗೆ ಹಾಕಿದ್ದಳು. ಅಪ್ಪ ಎಲ್ಲಿ ಎಂದು ಕೇಳಿದರೆ "ದವಾಖಾನ್ಯಾಗ ಅದಾನ, ಬರ್ತಾನ" ಎನ್ನುತ್ತಿದ್ದಳು.

ಒಂದು ದಿನ ಟೀಚರ್ ತರಗತಿಗೆ ದೊಡ್ಡ ಕುಂಬಳಕಾಯಿ ತಂದರು. ತಟ್ಟಿ ಸದ್ದು ಕೇಳಿದೆವು, ದಾರ ಸುತ್ತಿ ಅಳೆದೆವು, ಅಂಟಂಟು ತಿರುಳಿಗೆ ಕೈಹಾಕಿ ಬೀಜ ಎಣಿಸಿದೆವು. ಕನ್ನಡದಲ್ಲಿ ಎಣಿಸುತ್ತಿದ್ದವಳು ನಾನೊಬ್ಬಳೇ. ಕೊನೆಗೆ ಟೀಚರ್ ಎಲ್ಲರಿಗೂ ಒಂದೊಂದು ಹೋಳು ಕೊಟ್ಟು, ಭೋಪಳಾ ಮನೆಗೆ ಒಯ್ಯಿರಿ ಎಂದು ಮರಾಠಿಯಲ್ಲಿ ಹೇಳಿದರು.

ನಾನು ಕೈ ಚಾಚಲಿಲ್ಲ. "ಮನಿಗಿ ಭೋಪಳಾ ತರಬ್ಯಾಡ ಅಂತ ಅಪ್ಪ ಹೇಳ್ಯಾನ್ರೀ. ಬಂದು ಬೈತಾನ."

ಮರಾಠಿಯಲ್ಲಿ ಕುಂಬಳಕಾಯಿ ಅಂದರೆ ಭೋಪಳಾ; ಪರೀಕ್ಷೆಯ ಸೊನ್ನೆಗೂ ನಮ್ಮ ಕಡೆ ಭೋಪಳಾ ಎನ್ನುತ್ತಾರೆ. ನನಗೆ ಆಗ ಗೊತ್ತಿದ್ದದ್ದು ಆ ಸೊನ್ನೆಯ ಭೋಪಳಾ ಒಂದೇ.

ಟೀಚರ್ ನಗಲಿಲ್ಲ. ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು: "ಅಪ್ಪ ಇನ್ನ ಬೈಯಂಗಿಲ್ಲವ್ವಾ. ಒಯ್ಯಿ."

ಅಪ್ಪನ ಬಗ್ಗೆ ಅತ್ತೆ ಹೇಳದೆ ಉಳಿಸಿದ್ದು ನನಗೆ ಆಗ ತಿಳಿಯಿತು.

"ಭೋಪಳಾ ಬೇಕೇನ್ರೀ?" ಎಂದಳು ಸಂತೆಯಾಕೆ. ಒಂದು ಹೋಳು ಕೊಂಡೆ. ಬೀಗ ತೆಗೆದು ಮನೆಯೊಳಗೆ ಬರುವಾಗ, ಯಾರಾದರೂ ಬೈಯಲಿ ಅನ್ನಿಸಿತು.