ಅತ್ತೆ ಕೊಟ್ಟ ಮೂರು ಭಾನುವಾರ

ನನ್ನ ಅತ್ತೆ ಅವರ್ಸಾ ಊರಿನಲ್ಲಿ ನಾಟಿ ಔಷಧಿ ಕೊಡುತ್ತಾರೆ. ಉಳುಕು, ಕೀಲು ಹಿಡಿತ, ಬಿದ್ದು ಬಾತ ಕೈಕಾಲು, ಇಷ್ಟೇ ಅವರ ಸೀಮೆ. ಜ್ವರ, ಹೊಟ್ಟೆನೋವು ಎಂದು ಬಂದವರನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ಆಸ್ಪತ್ರೆಗೆ ಕಳಿಸಿಬಿಡುತ್ತಾರೆ. ಗದ್ದೆ ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಎಣ್ಣೆಯ ಬಟ್ಟಲು ಇಟ್ಟುಕೊಂಡು ಕೂತರೆ, ಅಂಕೋಲೆಯಿಂದಲೂ ಜನ ಬರುತ್ತಾರೆ.

ಮದುವೆಯಾದ ಹೊಸತರಲ್ಲಿ ಈ ಸಂಗತಿಯನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದರೆ, ‘ಅತ್ತೆ ಮನೆಯಲ್ಲೇ ಇರುತ್ತಾರೆ’ ಎಂದು ಮುಗಿಸುತ್ತಿದ್ದೆ.

ಮೂರು ವರ್ಷದ ಹಿಂದೆ ನನ್ನ ಬಲ ಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲು ಕೈ ಏಳದು. ಸೆರಗಿಗೆ ಪಿನ್ನು ಚುಚ್ಚಲು ಗಂಡನನ್ನು ಕರೆಯಬೇಕು. ನಾವಿರುವುದು ಕಾರವಾರದ ಹಬ್ಬುವಾಡದಲ್ಲಿ. ಅವರ್ಸಾಕ್ಕೆ ಬಸ್ಸು ಹತ್ತಿದರೆ ಬಹಳ ಹೊತ್ತೇನೂ ಬೇಡ. ಆದರೂ ಅತ್ತೆಯ ಬಳಿ ಹೋಗಲಿಲ್ಲ. ಊರವರೆಲ್ಲ ಕೂತಿರುವ ಜಗಲಿಯಲ್ಲಿ ತೋಳು ತೆರೆದು ಎಣ್ಣೆ ತಿಕ್ಕಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪೇಟೆಯಲ್ಲೇ ಎಣ್ಣೆ ಚಿಕಿತ್ಸೆ ಮಾಡುವವರೊಬ್ಬರ ಬಳಿ ಹೋದೆ. ವಾರಕ್ಕೆ ಮೂರು ಸಲ ಬನ್ನಿ ಎಂದರು. ಮಾಡಿಸಿಕೊಂಡ ದಿನ ಹಗುರ, ಮರುದಿನ ಮತ್ತೆ ಅದೇ ನೋವು.

ಒಂದು ಭಾನುವಾರ ಅವರ್ಸಾದ ಮನೆಯಂಗಳದಲ್ಲಿ ಎಡಗೈಯಿಂದ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಹಿಂದಿನಿಂದ ಬಂದು ನಿಂತಿದ್ದು ಗೊತ್ತೇ ಆಗಲಿಲ್ಲ.

“ಬಲಗೈಗೆ ಎಂತಾಯ್ತು ಮಗಾ?”

ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ. ನನ್ನ ಬಳಿ ಯಾಕೆ ಬರಲಿಲ್ಲ ಎಂದು ಅವರು ಕೇಳಲೇ ಇಲ್ಲ.

“ಅಲ್ಲಿ ಎಷ್ಟ್ ಸಲ ಹೋದೆ?”

“ಹದಿನಾರೋ ಹದಿನೇಳೋ.”

“ಇನ್ ಎಷ್ಟ್ ಸಲ ಬರ್ಬೇಕು ಅಂತ ಕೇಳ್ದ್ಯೇ?”

“ಕೇಳಿದೆ ಅತ್ತೆ. ಬರ್ತಾ ಇರಿ, ನೋಡ್ವ ಅಂದ್ರು.”

ಅತ್ತೆ ಬಕೆಟ್ಟಿನಲ್ಲಿದ್ದ ಸೀರೆ ತೆಗೆದು ತಾವೇ ಹರವಿದರು. “ನೋಡೂಕೂ ಒಂದು ಗಡುವು ಬೇಡ್ವೇ?” ಎಂದರು.

ಅವರು ನನ್ನನ್ನು ಕೂರಿಸಿದ್ದು ಜಗಲಿಯಲ್ಲಲ್ಲ, ಅಡಿಗೆಮನೆಯಲ್ಲಿ. ಬಾಗಿಲು ಮುಂದೆ ಮಾಡಿ, ಲಕ್ಕಿ ಸೊಪ್ಪು ಹಾಕಿ ಕುದಿಸಿದ ತೆಂಗಿನೆಣ್ಣೆಯನ್ನು ಬೆಚ್ಚಗೆ ಹಚ್ಚಿದರು. ನನ್ನ ಸಂಕೋಚ ಅವರಿಗೆ ಇಷ್ಟು ವರ್ಷವೂ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ಆಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಮೆಲ್ಲಗೆ ಗೋಡೆಯ ಮೇಲೆ ಹತ್ತಿಸಲು ಹೇಳಿದರು. ಎಲ್ಲಿ ಕೈ ನೋವಿಗೆ ನಿಂತಿತೋ ಅಲ್ಲಿ ಇದ್ದಿಲಿನಿಂದ ಒಂದು ಗೀರು ಎಳೆದರು.

“ದಿನಾ ಎರಡ್ ಹೊತ್ತು ಮನೇಲಿ ಹೀಗೇ ಮಾಡು. ಎಣ್ಣೆಗೆ ವಾರಕ್ಕೆ ಒಂದೇ ಸಲ ಬಾ. ಮೂರ್ ಭಾನುವಾರ ನೋಡ್ವ. ಒಂದ್ ಗೇಣು ಮೇಲೆ ಹೋದ್ರೆ ಮುಂದೆ ಮಾಡ್ವ. ಹೋಗ್ದೇ ಇದ್ರೆ ಇದು ನನ್ ಕೈಲಾಗೂ ಕೆಲ್ಸ ಅಲ್ಲ.”

ಮೂರನೆಯ ಭಾನುವಾರ ನನ್ನ ಬೆರಳು ಆ ಗೀರಿನಿಂದ ಎರಡೇ ಅಂಗುಲ ಮೇಲೆ ಹೋಗಿತ್ತು. ನೋವು ಕಡಿಮೆಯಾಗಿದೆ, ಇನ್ನೂ ನಾಲ್ಕು ವಾರ ಬರುತ್ತೇನೆ ಎಂದು ಗೋಗರೆದೆ. ಅತ್ತೆ ಒಪ್ಪಲಿಲ್ಲ. ಅವರ ಕಣ್ಣು ನನ್ನ ಪಾದದ ಮೇಲಿತ್ತು. ಚಪ್ಪಲಿ ಕಚ್ಚಿದ ಗಾಯ.

“ಇದು ಎಷ್ಟ್ ದಿನದ್ದು?”

“ತಿಂಗಳಾಯ್ತೇನೋ.”

“ಹೋದ್ ಭಾನುವಾರಾನೂ ಹೀಗೇ ಹಸಿ ಇತ್ತು. ನೀರು ಬೇರೆ ತಂಬಿಗೆ ತಂಬಿಗೆ ಕುಡೀತ್ಯೆ. ನಾಳೆ ಆಫೀಸಿಗೆ ರಜೆ ಹಾಕು. ಆಸ್ಪತ್ರೆಗೆ ಹೋಗಿ ರಕ್ತ ತೋರ್ಸು.”

ತೋರಿಸಿದೆ. ಸಕ್ಕರೆ ಕಾಯಿಲೆ ಇತ್ತು, ಅದೂ ಏರಿ ಕೂತಿತ್ತು. ವೈದ್ಯೆ ವರದಿ ನೋಡಿ, ಸಕ್ಕರೆ ಇದ್ದವರಿಗೆ ಭುಜ ಹೀಗೆ ಬಿಗಿಯುವುದು ಹೆಚ್ಚು ಎಂದರು. ಗೋಡೆ ಹತ್ತಿಸುವ ವ್ಯಾಯಾಮವನ್ನು ಬಿಡದೆ ಮಾಡಿ, ಸರಿಯಾಗಿದೆ ಎಂದರು. ಆಮೇಲೆ, “ರಕ್ತ ಪರೀಕ್ಷೆ ಮಾಡಿಸಿ ಅಂತ ಹೇಳಿದ್ದು ಯಾವ ಡಾಕ್ಟರು?” ಎಂದು ಕೇಳಿದರು.

“ಡಾಕ್ಟರಲ್ಲ ಮೇಡಂ. ನನ್ನ ಅತ್ತೆ. ಅವರ್ಸಾದಲ್ಲಿ ನಾಟಿ ಔಷಧಿ ಕೊಡ್ತಾರೆ.”

ಬಾಗಿಲಲ್ಲಿ ಸರದಿಗೆ ನಿಂತವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಹೇಳುವಾಗ ನನ್ನ ಬೆನ್ನು ನೆಟ್ಟಗಾಯಿತು. ವೈದ್ಯೆ ಪೆನ್ನು ಕೆಳಗಿಟ್ಟು, “ಅವರಿಗೆ ನನ್ನ ನಮಸ್ಕಾರ ಹೇಳಿ” ಎಂದರು. ಆ ನಮಸ್ಕಾರವನ್ನು ತಲುಪಿಸಲು ಸಂಜೆಯ ಬಸ್ಸಿಗೇ ಅವರ್ಸಾಕ್ಕೆ ಹೋದೆ. ಅತ್ತೆ ಅದನ್ನು ಕೇಳುತ್ತಲೇ ನನ್ನ ಮಾತ್ರೆಗಳನ್ನು ಹೊತ್ತಿನ ಪ್ರಕಾರ ವಿಂಗಡಿಸಿ ಇಟ್ಟರು.

ಭುಜ ಪೂರ್ತಿ ಸಡಿಲವಾಗಲು ಹೆಚ್ಚುಕಡಿಮೆ ವರ್ಷ ಹಿಡಿಯಿತು. ಮಾತ್ರೆ, ನಡಿಗೆ, ಗೋಡೆ. ಎಣ್ಣೆಗೆ ಎಷ್ಟು ದಿನಕ್ಕೊಮ್ಮೆ ಬರಲಿ ಎಂದು ಕೇಳಿದ್ದಕ್ಕೆ, “ಹಿತ ಅನ್ಸಿದ್ರೆ ತಿಂಗಳಿಗೊಂದ್ ಸಲ ಬಾ, ಇಲ್ದಿದ್ರೆ ಬೇಡ” ಎಂದರು ಅತ್ತೆ. ಈಗ ಹೋದರೆ ಜಗಲಿಯಲ್ಲೇ ಕೂರುತ್ತೇನೆ.

ಕಳೆದ ತಿಂಗಳು ಹಾಗೆ ಕೂತಿದ್ದಾಗ ಅಂಕೋಲೆಯ ನಿವೃತ್ತ ಮಾಸ್ತರರೊಬ್ಬರು ಬಂದಿದ್ದರು. ಉಳುಕಿದ್ದ ಅವರ ಪಾದ ವಾಸಿಯಾಗಿತ್ತು. ಅತ್ತೆ ಅದನ್ನು ಆಚೆ ಈಚೆ ತಿರುಗಿಸಿ ನೋಡಿ, ಆಯ್ತು ಎಂದರು. ಮಾಸ್ತರರಿಗೆ ಸಮಾಧಾನವಿಲ್ಲ.

“ವಾರಕ್ಕೊಂದ್ ಸಲ ಬಂದು ಹೋಗ್ತೆ ಅಮ್ಮಾ. ಮುಂದೆ ಏನೂ ಆಗ್ಬಾರ್ದು ಅಲಾ?”

“ಪಾದ ಗಟ್ಟಿ ಅದೆ ಮಾಸ್ತರ್ರೇ. ಮತ್ತೆ ಎಂತಕೆ ಬರೂದು? ದಿನಾ ಸಮುದ್ರದ ಬದಿಗೆ ನಡೀರಿ.”

ಮಾಸ್ತರರು ನನ್ನ ಕಡೆ ತಿರುಗಿ, ಎಲ್ಲರೂ ಬಾ ಬಾ ಅಂತಾರೆ, ಇವರೊಬ್ಬರು ಬರಬೇಡ ಅಂತಾರಲ್ಲ ಎಂದು ನಕ್ಕರು. “ಅವರು ನನ್ನ ಅತ್ತೆ” ಎಂದೆ. ಅವರ ಮಾತಿಗೆ ಅದು ಉತ್ತರವಲ್ಲ, ಆದರೆ ನನಗೆ ಹೇಳಬೇಕೆನಿಸಿದ್ದು ಅದೇ. ಮಾಸ್ತರರು ಕೊಡೆ ಹಿಡಿದು ಹೆದ್ದಾರಿಯ ಕಡೆ ಹೊರಟರು. ಅವರು ತಿರುವು ದಾಟುವವರೆಗೂ ಅತ್ತೆ ಅವರ ಹೆಜ್ಜೆ ನೋಡುತ್ತ ನಿಂತಿದ್ದರು.