ನೀರು ರುಬ್ಬುವ ಮನೆ

ನಮ್ಮ ಬೀಗದಣ್ಣನ ಕೆಮ್ಮು ರೋಗವಲ್ಲ, ಕಸುಬು. ಬೀಗ ರಿಪೇರಿ ಮಾಡುವವನು ಬೆಳಗಾದರೆ ಕಂಡವರ ಮನೆಗೆ ಹೋಗಬೇಕು, ಕೀಲಿ ಕಳೆದ ಬಾಗಿಲನ್ನು ತಂತಿ ಆಡಿಸಿ ತೆಗೆದುಕೊಡಬೇಕು. ಅಂಥವನು ಸದ್ದಿಲ್ಲದೆ ಓಡಾಡಿದರೆ ಜನ ಏನಂದುಕೊಳ್ಳುತ್ತಾರೆ ಹೇಳಿ? ಅದಕ್ಕೇ ಅವನಿಗೆ ಕೆಲಸ ಕಲಿಸಿದ ಗುರು, ಅರ ಹಿಡಿಯುವುದನ್ನು ಕಲಿಸುವ ಮೊದಲು ಕೆಮ್ಮುವುದನ್ನು ಕಲಿಸಿದನಂತೆ. ಮೆಟ್ಟಿಲು ಹತ್ತುವಾಗ ಒಂದು ಸಲ, ಹೊಸ್ತಿಲ ಬಳಿ ಒಂದು ಸಲ, ಬೀಗ ಬಿಚ್ಚಿಕೊಂಡ ಮೇಲೆ ಒಳಗೆ ಕಾಲಿಡುವ ಮುಂಚೆ ಮತ್ತೊಂದು ಸಲ. ನಾನು ಬಂದಿದ್ದೇನೆ, ಕದ್ದು ಬಂದಿಲ್ಲ ಎಂದು ಅದರ ಅರ್ಥ. ಕೂಲಿ ಹೇಳುವ ಮುಂಚೆಯೂ ಒಮ್ಮೆ ಕೆಮ್ಮುತ್ತಾನೆ. ಅದು ಕಿವಿಗೆ ಬಿದ್ದೊಡನೆ ಗಿರಾಕಿ ಚೌಕಾಸಿಗೆ ಟೊಂಕ ಕಟ್ಟಿ ನಿಲ್ಲುತ್ತಾನೆ.

ನನ್ನ ದಿನಸಿ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗೆ ಅವನ ಪೆಟ್ಟಿಗೆ ಅಂಗಡಿ. ನನ್ನ ಅಂಗಡಿಯ ನೆತ್ತಿಯ ಮೇಲೆ, ಮೊದಲನೇ ಮಹಡಿಯಲ್ಲಿ ಅವನ ಮನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವನಾದ್ದರಿಂದ ಅವನು ಅಣ್ಣ, ಅವನ ಹೆಂಡತಿ ನನಗೆ ಅತ್ತಿಗೆ. ಅವನ ಕೆಮ್ಮು ಕೇಳಿದರೆ ಬೀದಿಯ ಹೆಂಗಸರು ಒಡವೆ ಎತ್ತಿಡುವುದಿರಲಿ, ಟೀಗೆ ನೀರಿಡುತ್ತಿದ್ದರು. ಅಷ್ಟು ನಂಬಿಕೆ.

ಅಷ್ಟರಲ್ಲಿ ಆ ಕಾಯಿಲೆ ಬಂತು. ಊರಿಗೆಲ್ಲ ಬೀಗ ಬಿದ್ದು ಬೀಗದವನಿಗೇ ಕೆಲಸವಿಲ್ಲದಾಯಿತು. ಎಲ್ಲರೂ ಮನೆಯಲ್ಲೇ ಕೂತರೆ ಕೀಲಿ ಕಳೆಯುವವರು ಯಾರು? ಅದನ್ನಾದರೂ ಸಹಿಸಬಹುದಿತ್ತು. ನಮ್ಮ ಕಟ್ಟಡದ ಸಂಘಕ್ಕೆ ಒಬ್ಬರು ಸೆಕ್ರೆಟರಿ ಇದ್ದಾರೆ. ಕೆಟ್ಟವರಲ್ಲ, ನಿವೃತ್ತರಾದ ಮೇಲೆ ಹುಕುಂ ಮಾಡಲು ಯಾರೂ ಸಿಗದೆ ಸೊರಗಿದ್ದರು, ಊರಿಗೆ ಕಾಯಿಲೆ ಬಂದ ಮೇಲೆ ಚೇತರಿಸಿಕೊಂಡರು. ಯಾರಾದರೂ ಕೆಮ್ಮಿದ್ದು ಕೇಳಿಸಿದರೆ ಕೂಡಲೇ ಆರೋಗ್ಯ ಇಲಾಖೆಗೆ ಫೋನ್ ಮಾಡುವುದಾಗಿ ಅವರು ಸಾರಿಬಿಟ್ಟರು. ಫೋನ್ ಮಾಡಿದರೆ ವ್ಯಾನು ಬರುತ್ತದೆ, ಕೆಮ್ಮಿದವನನ್ನು ಶಾಲೆಯ ಹಾಲಿಗೆ ಒಯ್ಯುತ್ತದೆ, ಅವನ ಮಹಡಿಗೆ ಹಗ್ಗ ಕಟ್ಟುತ್ತಾರೆ. ಒಳಗಿದ್ದವರು ಹೊರಗಿಲ್ಲ, ಹೊರಗಿದ್ದವರು ಒಳಗಿಲ್ಲ.

ಹೆರಿಗೆಗೆಂದು ತವರಿಗೆ ಬಂದಿದ್ದ ಬೀಗದಣ್ಣನ ಮಗಳು ಆಗಷ್ಟೇ ಹೆತ್ತು ಆಸ್ಪತ್ರೆಯಲ್ಲಿದ್ದಳು. ಹೆಣ್ಣು ಮಗು. ಅಳಿಯ ಕೆಲಸದ ಊರಲ್ಲೇ ಸಿಕ್ಕಿಹಾಕಿಕೊಂಡಿದ್ದ, ಬಸ್ಸಿಲ್ಲ, ರೈಲಿಲ್ಲ. ಆಸ್ಪತ್ರೆಯವರು ಇವತ್ತು ಕಳಿಸ್ತೀವಿ, ನಾಳೆ ಕಳಿಸ್ತೀವಿ ಎನ್ನುತ್ತಿದ್ದರು. ಕಳಿಸಿದರೆ ಬಾಣಂತಿ ಬರಬೇಕಾದದ್ದು ಈ ಮನೆಗೇ. ಇಲ್ಲಿ ಹಗ್ಗ ಬಿದ್ದರೆ ಅವಳು ಹಸುಗೂಸನ್ನು ಎತ್ತಿಕೊಂಡು ಬೀದಿಯಲ್ಲಿ ನಿಲ್ಲಬೇಕು.

ಆದ್ದರಿಂದ ಬೀಗದಣ್ಣ ಕೆಮ್ಮು ಬಿಟ್ಟ. ಅಂದರೆ, ಬಿಡಲು ಹೊರಟ. ಇಷ್ಟು ವರ್ಷ ಕರೆದಾಗ ಬರುತ್ತಿದ್ದ ಕೆಮ್ಮು ಈಗ ಬೇಡವೆಂದಾಗಲೆಲ್ಲ ಬರತೊಡಗಿತು.

ದಾರಿ ಕಂಡುಹಿಡಿದವರು ಅತ್ತಿಗೆ. "ರೀ, ಬರೋ ಹಾಗಾದ್ರೆ ಕೈ ಎತ್ತಿ. ನಾನು ಮಿಕ್ಸಿ ಹಾಕ್ತೀನಿ."

ಅವತ್ತಿನಿಂದ ನನ್ನ ತಲೆಯ ಮೇಲೆ ಮಿಕ್ಸಿ ಹೊತ್ತುಗೊತ್ತಿಲ್ಲದೆ ತಿರುಗಿತು. ಬೆಳಗ್ಗೆ ಗರ್ ಅನ್ನುತ್ತಿತ್ತು, ಮಧ್ಯಾಹ್ನ ಗರ್ ಅನ್ನುತ್ತಿತ್ತು. ನಾನು ವ್ಯಾಪಾರದವನು. ಅವರು ನನ್ನಲ್ಲಿ ಕೊಳ್ಳುವುದು ಒಂದು ಹಿಡಿ, ರುಬ್ಬುವುದು ಒಂದು ಮೂಟೆ. ಲೆಕ್ಕ ಎಲ್ಲೋ ತಪ್ಪುತ್ತಿತ್ತು. ಅಂಗಡಿಯ ಶಟರ್ ಅರ್ಧ ತೆರೆದಿದ್ದಾಗ ಬೀಗದಣ್ಣ ಬಗ್ಗಿ ಒಳಗೆ ಬಂದ. ಕೇಳಿಯೇಬಿಟ್ಟೆ.

"ಏನಣ್ಣ, ಮೇಲೆ ಮದುವೆ ಅಡುಗೆನಾ?"

ಅವನು ವಿಷಯ ಹೇಳಿ ಮುಗಿಸಿದ್ದ, ಅಷ್ಟರಲ್ಲಿ ಅಭ್ಯಾಸಬಲದಿಂದ ಕೈ ಎತ್ತಿದ. ನನ್ನ ಅಂಗಡಿಯಲ್ಲಿ ಎಲ್ಲಿಯ ಮಿಕ್ಸಿ? ಬೇರೆ ದಾರಿ ಕಾಣದೆ ಪಕ್ಕದಲ್ಲಿದ್ದ ಖಾಲಿ ಚೀಲದೊಳಗೆ ಮುಖ ಹುದುಗಿಸಿದ. ಅದು ಒಣಮೆಣಸಿನಕಾಯಿ ಚೀಲ ಎಂದು ನಾನು ಹೇಳುವಷ್ಟರಲ್ಲಿ ತಡವಾಗಿತ್ತು. ಶಟರ್ ಎಳೆದು ಒಳಗೇ ಕೂತೆವು. ಅವನು ಸೀನುತ್ತಿದ್ದ, ನಾನು ನಗು ತಡೆಯುತ್ತಿದ್ದೆ. ಇಬ್ಬರ ಕಣ್ಣಲ್ಲೂ ನೀರು.

"ಖಾಲಿ ಜಾರ್ ತಿರುಗಿಸಿದ್ರೆ ಮಿಕ್ಸಿ ಸುಟ್ಟು ಹೋಗುತ್ತೆ ಕಣಣ್ಣ," ಎಂದೆ ಕೊನೆಗೆ.

"ನೀರು ಹಾಕ್ತಾಳೆ," ಎಂದ ಮೂಗೊರೆಸಿಕೊಳ್ಳುತ್ತ.

ನಾನು ಯಾರಿಗೂ ಹೇಳಲಿಲ್ಲ. ಅಂಗಡಿಯವನಿಗೆ ಬಾಯಿ ಬಿಗಿ ಇರಬೇಕು. ಆ ದಿನಗಳಲ್ಲಿ ಮೇಲಿನ ಮಹಡಿಯ ಟ್ಯೂಷನ್ ಮೇಡಂ ಒಣಶುಂಠಿ ಒಯ್ದಿದ್ದರು, "ಸುಮ್ನೆ ಮನೇಲಿರ್ಲಿ ಅಂತ." ಸೆಕ್ರೆಟರಿ ಮನೆಯವರು ಜೇನುತುಪ್ಪ, ಕಾಳುಮೆಣಸು ತರಿಸಿದ್ದರು, "ತೂಕ ಇಳಿಸೋಕೆ." ಗಿರಾಕಿ ಹೇಳಿದ ಕಾರಣವನ್ನು ನಂಬಿ ತೂಗಿ ಕೊಡುವುದಷ್ಟೇ ನನ್ನ ಕೆಲಸ. ಮೇಡಂ ಮನೆಯ ವಾಷಿಂಗ್ ಮೆಷೀನು ಅದೇಕೆ ಇಡೀ ದಿನ ತಿರುಗುತ್ತದೆ, ಸೆಕ್ರೆಟರಿ ಮನೆಯ ಟಿವಿ ಅದೇಕೆ ಬೀದಿಗೆ ಕೇಳುವಂತೆ ಕಿರುಚುತ್ತದೆ ಎಂದೂ ನಾನು ಕೇಳಲಿಲ್ಲ.

ಆದರೆ ಮಿಕ್ಸಿಯ ಬಗ್ಗೆ ಎಲ್ಲರೂ ಕೇಳತೊಡಗಿದರು. ಬೇಳೆ ಸಿಗದೆ ಜನ ಪರದಾಡುತ್ತಿದ್ದ ಕಾಲ. ಅಷ್ಟೊಂದು ರುಬ್ಬುವವರು ಎಷ್ಟು ಕೂಡಿಟ್ಟಿರಬೇಕು? ಸೆಕ್ರೆಟರಿ ನೇರ ನನ್ನ ಹತ್ತಿರ ಬಂದರು.

"ಹಿಂಬಾಗಿಲಿಂದ ಅವರಿಗೆ ಮೂಟೆಗಟ್ಟಲೆ ಕೊಡ್ತಿದೀರಂತೆ."

"ಸಾಹೇಬ್ರೇ, ನನ್ನ ಅಂಗಡಿಗೆ ಹಿಂಬಾಗಿಲೇ ಇಲ್ಲ."

"ಅದನ್ನೂ ವಿಚಾರಿಸ್ತೀವಿ," ಎಂದರು.

ತಪಾಸಣೆಗೆ ಬಂದದ್ದು ಸರಿಯಾದ ದಿನವೇ. ಮರುದಿನ ಮಗಳನ್ನು ಕಳಿಸುವುದಾಗಿ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಸೆಕ್ರೆಟರಿ ಕೈಯಲ್ಲಿ ಮಡಿಸಿದ ಕೊಡೆ. ಕರೆಗಂಟೆ ಒತ್ತುವುದು, ಬಾಗಿಲು ತಳ್ಳುವುದು ಎಲ್ಲ ಅದರ ತುದಿಯಿಂದಲೇ. ಅವರ ಹಿಂದೆ ಸಂಘದ ಸದಸ್ಯೆಯಾಗಿ ಟ್ಯೂಷನ್ ಮೇಡಂ. ಅವರ ಹಿಂದೆ ಆರೋಪಿಯಾಗಿ ನಾನು.

ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಪಕ್ಕದಲ್ಲಿ ಬೀಗದಣ್ಣ, ಬಾಯಿಗೆ ಟವೆಲ್ ಒತ್ತಿಕೊಂಡು.

"ಅದನ್ನ ನಿಲ್ಲಿಸಿ. ಮುಚ್ಚಳ ತೆಗೀರಿ," ಎಂದರು ಸೆಕ್ರೆಟರಿ. ಅತ್ತಿಗೆ ತೆಗೆದರು. ಸೆಕ್ರೆಟರಿ ಕತ್ತು ಚಾಚಿ ನೋಡಿದರು.

"ಇದೇನು, ನೀರು?"

"ಹೌದು."

"ನೀರು ರುಬ್ತೀರಾ?"

"ನಾಳೆ ಮಗು ಬರ್ತಿದೆಯಲ್ಲ. ನುಣ್ಣಗಿರ್ಲಿ ಅಂತ."

ಸೆಕ್ರೆಟರಿ ಟ್ಯೂಷನ್ ಮೇಡಂ ಮುಖ ನೋಡಿದರು. ಮೇಡಂ ಗಂಭೀರವಾಗಿ, "ಈಗಿನ ಡಾಕ್ಟ್ರುಗಳು ಏನೇನೋ ಹೇಳ್ತಾರೆ ಬಿಡಿ," ಎಂದರು.

ಕೊಡೆಯ ತುದಿಯಿಂದ ಡಬ್ಬಗಳ ಮುಚ್ಚಳ ಸರಿಸಿ ನೋಡಿದ್ದಾಯಿತು. ಅರ್ಧ ಡಬ್ಬ ಅಕ್ಕಿ, ಒಂದಷ್ಟು ಈರುಳ್ಳಿ, ಮಗುವಿಗೆಂದು ಹಳೆಯ ಸೀರೆ ಹರಿದು ಮಡಿಸಿಟ್ಟ ಬಟ್ಟೆಗಳು. ಕೂಡಿಟ್ಟದ್ದು ಏನೂ ಇಲ್ಲ. ಸೆಕ್ರೆಟರಿಗೆ ಸ್ವಲ್ಪ ನಿರಾಸೆಯೇ ಆಯಿತು. ಹೊರಟೇಬಿಟ್ಟಿದ್ದರು, ಅಷ್ಟರಲ್ಲಿ ಬೀಗದಣ್ಣನ ಕೈ ಮೇಲೆದ್ದಿತು.

"ಏನ್ರೀ, ಏನಾದ್ರೂ ಹೇಳ್ಬೇಕಾ?" ಎಂದರು ಸೆಕ್ರೆಟರಿ.

ಅತ್ತಿಗೆ ಓಡಿಹೋಗಿ ಸ್ವಿಚ್ ಒತ್ತಿದರು. ಅದೇ ಗಳಿಗೆಗೆ ಕರೆಂಟ್ ಹೋಯಿತು.

ಬೀಗದಣ್ಣ ಕೆನ್ನೆ ಉಬ್ಬಿಸಿ ನಿಂತ. ಮುಖ ಕೆಂಪಾಯಿತು, ಕಣ್ಣು ಗುಡ್ಡೆ ಮುಂದೆ ಬಂತು. ಆಮೇಲೆ ಬಂತು ನೋಡಿ, ಇಷ್ಟು ದಿನ ನುಂಗಿದ್ದೆಲ್ಲ ಸೇರಿಸಿ, ಬಡ್ಡಿ ಸಮೇತ. ಸೆಕ್ರೆಟರಿ ಬೆಚ್ಚಿ ಕೊಡೆಯ ಗುಂಡಿ ಒತ್ತಿಬಿಟ್ಟರು. ಕೊಡೆ ಫಟ್ಟನೆ ಬಿಚ್ಚಿಕೊಂಡಿತು. ಅದರ ಮರೆಯಿಂದಲೇ, "ನಾನು ಫೋನ್ ಮಾಡ್ಲೇಬೇಕಾಗುತ್ತೆ," ಎಂದರು.

"ಮಾಡಿ," ಎಂದರು ಅತ್ತಿಗೆ. "ನನ್ನ ಮಗಳು ನಾಳೆ ಕೂಸು ಎತ್ಕೊಂಡು ಎಲ್ಲಿಗೆ ಹೋಗ್ಬೇಕು ಅಂತ ಅದನ್ನೂ ಅವರನ್ನೇ ಕೇಳಿ."

ಸೆಕ್ರೆಟರಿ ಫೋನ್ ತೆಗೆದರು. ಕಟ್ಟಡದಲ್ಲಿ ಫ್ಯಾನಿಲ್ಲ, ಟಿವಿಯಿಲ್ಲ, ವಾಷಿಂಗ್ ಮೆಷೀನಿಲ್ಲ. ಎಷ್ಟೋ ದಿನಗಳ ಮೇಲೆ ಅಂಥ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಎದುರು ಮನೆಯಿಂದ, ಅಂದರೆ ಸೆಕ್ರೆಟರಿಯ ಮನೆಯಿಂದ, ಅವರ ಮಾವನವರು ಕೆಮ್ಮಿದರು. ಉದ್ದನೆಯ, ಗೊರಗೊರ ಕೆಮ್ಮು. ಅದಕ್ಕೆ ಉತ್ತರವೆಂಬಂತೆ ಮೇಲಿನ ಮಹಡಿಯಲ್ಲಿ ಮೇಡಂ ಅವರ ಯಜಮಾನರು ಶುರು ಮಾಡಿದರು. ಮೇಡಂ ಸೂರಿನಲ್ಲಿ ಏನೋ ಹುಡುಕುವವರಂತೆ ತಲೆ ಎತ್ತಿ ನಿಂತರು. ಸೆಕ್ರೆಟರಿ ಕೊಡೆಯನ್ನು ಇನ್ನೂ ಸ್ವಲ್ಪ ಕೆಳಗಿಳಿಸಿ ಮುಖ ಮರೆಸಿಕೊಂಡರು.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಿಕ್ಸಿಯ ವೈರು ಸುತ್ತಿ ಅವರ ಮುಂದಿಟ್ಟರು. "ಕರೆಂಟ್ ಬಂದ್ಮೇಲೆ ನೀವೇ ತಗೊಂಡು ಹೋಗಿ ಸಾಹೇಬ್ರೇ. ಟಿವಿಗಿಂತ ಜೋರು ಇದು."

ಸೆಕ್ರೆಟರಿ ಫೋನ್ ಮಾಡಿದರು, ಮರುದಿನ. "ಸುಮ್ನೆ ಮುನ್ನೆಚ್ಚರಿಕೆಗೆ, ಎಲ್ರಿಗೂ ಒಂದು ಪರೀಕ್ಷೆ" ಎಂದು. ಹಗ್ಗ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಅತ್ತಿಗೆ ಆಸ್ಪತ್ರೆಯವರ ಕೈಕಾಲು ಹಿಡಿದು ಫಲಿತಾಂಶ ಬರುವವರೆಗೆ ಮಗಳನ್ನು ಅಲ್ಲೇ ಇರಿಸಿದರು. ಯಾರಿಗೂ ಏನೂ ಇರಲಿಲ್ಲ. ಮಾವನವರು ಬಚ್ಚಲಲ್ಲಿ ಕದ್ದು ಬೀಡಿ ಸೇದುತ್ತಿದ್ದರು. ಮೇಡಂ ಯಜಮಾನರಿಗೆ ಕೆಮ್ಮು ಬಂದದ್ದು ಕೆಮ್ಮು ಬರದಿರಲೆಂದು ಹೆಂಡತಿ ಕುಡಿಸುತ್ತಿದ್ದ ಶುಂಠಿ ಕಷಾಯದಿಂದ.

ಮಗಳು ಬಂದಳು. ಬೀಗದಣ್ಣ ಕೈಕಾಲು ತೊಳೆದು, ಮಾಸ್ಕಿನ ಮೇಲೆ ಮಾಸ್ಕ್ ಹಾಕಿಕೊಂಡು, ಕೋಣೆಯ ಬಾಗಿಲಿಗೆ ಹೋಗಿ ಉಸಿರು ಬಿಗಿಹಿಡಿದು ನಿಂತ. ಒಳಗೆ ಹೋಗಲೊಲ್ಲ.

"ಅಪ್ಪಾ, ಕೆಮ್ಮಿ ಬಾರಪ್ಪ," ಎಂದಳು ಮಗಳು. "ನೀನು ಹಾಗೆ ಸದ್ದಿಲ್ಲದೆ ನಿಂತ್ರೆ ನನಗೆ ಭಯ ಆಗುತ್ತೆ."

ಅವನು ಹೊಸ್ತಿಲಲ್ಲಿ ಒಂದು ಸಲ, ಮೆತ್ತಗೆ, ಕೆಮ್ಮಿದ. ಮಗು ಕದಲಲಿಲ್ಲ. ಹೊಟ್ಟೆಯೊಳಗಿದ್ದಾಗಿನಿಂದ ಕೇಳಿದ ಸದ್ದು ತಾನೇ. ಆದರೆ ಅತ್ತಿಗೆ ಸಂಜೆ ನಿಜವಾಗಿ ಏನನ್ನೋ ರುಬ್ಬಲು ಮಿಕ್ಸಿ ಹಾಕಿದ್ದೇ ತಡ, ಮಗು ಸೂರು ಹಾರಿಹೋಗುವ ಹಾಗೆ ಚೀರಿಕೊಂಡಿತು.

ಹೀಗಾಗಿ ಆ ಮನೆಯಲ್ಲಿ ಈಗ ಕೆಮ್ಮಬಹುದು, ರುಬ್ಬುವಂತಿಲ್ಲ. ಅತ್ತಿಗೆ ಮಿಕ್ಸಿ ಎತ್ತಿಕೊಂಡು ಕೆಳಗಿಳಿದು ನನ್ನ ಅಂಗಡಿಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಮಿಕ್ಸಿಯ ಕಥೆ ಈಗ ಬೀದಿಗೆಲ್ಲ ಗೊತ್ತು. ಒಳಗಿಂದ ಗರ್ ಎನ್ನುವ ಸದ್ದು ಕೇಳಿದೊಡನೆ ಗಿರಾಕಿಗಳು ನನ್ನ ಮುಖವನ್ನೇ ನೋಡುತ್ತ ಹಿಂದೆ ಸರಿಯುತ್ತಾರೆ. ನಾನು ನಗುತ್ತ, ಒಂದು ಸಲ ಗಂಟಲು ಸರಿಮಾಡಿಕೊಂಡು, ನನಗೇನೂ ಇಲ್ಲ ಎನ್ನಲು ಹೋಗುತ್ತೇನೆ.