ಪುಡಿ ಲೋಟಕ್ಕೆ ಸಹಿ ಹಾಕದ ಪಥ್ಯದ ಮೇಡಂ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪಥ್ಯದ ಮೇಡಂ ಎಂದೇ. ವಿಶ್ವವಿದ್ಯಾಲಯದಲ್ಲಿ ಪೌಷ್ಟಿಕ ವಿಜ್ಞಾನ ಓದಿ ಬಂದವಳು. ಮನೆಯಲ್ಲಿ ಸೋದರತ್ತೆಗೆ ಮಾತ್ರ ಆ ಪದವಿಯ ಮೇಲೆ ಗುಮಾನಿ.

"ಅಷ್ಟು ವರ್ಷ ಓದಿ ಕೊನೆಗೆ ಅಡುಗೆಮನೆಗೇ ಬಂದ್ಯಲ್ಲೇ! ನನ್ನ ಕೇಳಿದ್ರೆ ಪುಕ್ಕಟೆ ಹೇಳಿಕೊಡ್ತಿದ್ದೆ."

"ನೀವು ಹೇಳಿಕೊಟ್ಟಿದ್ದಕ್ಕೇ ಅಲ್ವಾ ಅತ್ತೆ, ಮಾವ ಸಕ್ಕರೆ ಕಾಯಿಲೆ ಮಾತ್ರೆ ನುಂಗ್ತಿರೋದು?"

ಜೊತೆಗೆ ಓದಿದವರಲ್ಲಿ ಒಬ್ಬಳು ಓಟಗಾರರ ತಂಡಕ್ಕೆ ಊಟ ಗೊತ್ತುಮಾಡುತ್ತಾಳೆ. ಇನ್ನೊಬ್ಬ ಬಿಸ್ಕತ್ತು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾನೆ, ದಿನವಿಡೀ ಬಿಸ್ಕತ್ತು ಮುರಿಯುತ್ತಾನೆ. ಇವಳಿಗೆ ಬೇಕಾಗಿದ್ದದ್ದು ಆಸ್ಪತ್ರೆ: ಕಾಯಿಲೆಗೆ ತಕ್ಕ ಊಟ, ಅದು ರೋಗಿಯ ಹೊಟ್ಟೆ ಸೇರುವುದನ್ನು ಕಣ್ಣಾರೆ ನೋಡುವುದು. ಸಿಕ್ಕಿದ್ದು ಪುಡಿ ಡಬ್ಬಿ.

ಆಸ್ಪತ್ರೆಯ ಮಾಲೀಕರು ದೊಡ್ಡ ಡಾಕ್ಟರು. ಕೆಳಗಿನ ಔಷಧಿ ಅಂಗಡಿ ಅವರ ಭಾವಮೈದುನನದು. ಅಲ್ಲಿ ಪ್ರೋಟೀನ್ ಪುಡಿ ಡಬ್ಬಿಗಳು ಛಾವಣಿ ಮುಟ್ಟಿದ್ದವು. ಹಾಗಾಗಿ ಒಂದು ಕಟ್ಟಪ್ಪಣೆ: ಹಾಸಿಗೆ ಹಿಡಿದವರಿಗೆಲ್ಲ ಊಟದ ಬದಲು ಪುಡಿ ಕಲಸಿದ ಲೋಟ. ಮನೆಯ ಊಟ ಗೇಟು ದಾಟಬಾರದು. ಯಾರಿಗೂ ವಿನಾಯಿತಿ ಇಲ್ಲ. ಹಸಿದವನ ಬಾಯಿಗೆ ಬೀಗ ಜಡಿದು ಗಲ್ಲಾಪೆಟ್ಟಿಗೆಯ ಬೀಗ ತೆಗೆಯುವುದಕ್ಕೆ ನಮ್ಮಲ್ಲಿ ಚಿಕಿತ್ಸೆ ಎಂದು ಹೆಸರು.

"ಕಿಡ್ನಿ ಸೋತವರಿಗೆ ಇದು ಆಗಿಬರಲ್ಲ ಸರ್. ಅವರ ಪಥ್ಯದ ಚೀಟಿಗೆ ನಾನು ಸಹಿ ಹಾಕಲ್ಲ," ಎಂದಳು ಮೇಡಂ.

"ನಿಮ್ಮ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಲ್ವಾ?" ಎಂದರು ಡಾಕ್ಟರು, ಬಹಳ ಮೃದುವಾಗಿ.

ಅದೇ ವಾರ ಅವರು ಆಗಷ್ಟೇ ಒರೆಸಿದ ಮೆಟ್ಟಿಲ ಮೇಲೆ ಜಾರಿ, ಕಾಲು ಮುರಿದುಕೊಂಡು, ತಮ್ಮದೇ ಆಸ್ಪತ್ರೆಯ ಹಾಸಿಗೆ ಹಿಡಿದರು. ಅಡುಗೆಮನೆಯಿಂದ ಲೋಟ ಬಂತು. ಮಧ್ಯಾಹ್ನ ಮತ್ತೆ ಬಂತು. ಸಂಜೆಗೂ ಬಂತು.

"ನನಗೂನಾ?" ಎಂದು ಗುಡುಗಿದರು.

"ಅಪ್ಪಣೆ ನಿಮ್ದೇ ಅಲ್ವಾ ಸರ್," ಎಂದ ಅಡುಗೆಯವನು, ವಿನಯದಿಂದ ಕುಗ್ಗಿ.

ಮರುದಿನ ಅವರ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಂದರು. ಕಾವಲುಗಾರ ಅಡ್ಡ ನಿಂತ.

"ನಾನ್ಯಾರು ಗೊತ್ತೇನಯ್ಯಾ?"

"ಗೊತ್ತು ಅಮ್ಮಾವ್ರೇ. ಕ್ಯಾರಿಯರ್ ಯಾರು ತಂದ್ರೂ ಬಿಡಬೇಡ ಅಂದಿದ್ದಾರೆ ಸಾಹೇಬ್ರು."

ಅಮ್ಮಾವ್ರು ನೆಟ್ಟಗೆ ಪಥ್ಯದ ಮೇಡಂ ಕೋಣೆಗೆ ನುಗ್ಗಿದರು. "ಏನಮ್ಮಾ, ನನ್ನ ಗಂಡನಿಗೆ ಏನು ಕುಡಿಸ್ತಿದ್ದೀಯಾ?"

ಮೇಡಂ ವಾದಕ್ಕೆ ಇಳಿಯಲಿಲ್ಲ. ಒಂದು ಲೋಟ ಕಲಸಿ ಮುಂದಿಟ್ಟಳು. ಅಮ್ಮಾವ್ರು ಒಂದು ಗುಟುಕು ಕುಡಿದರು, ಕಿಟಕಿಯ ಕಡೆ ಓಡಿದರು.

"ಇದನ್ನ ಎಲ್ಲರಿಗೂ ಕೊಡ್ತೀರಾ?"

"ಕಿಡ್ನಿ ವಾರ್ಡಿಗೂ ಕೊಡಿ ಅಂತಾರೆ. ನಾನು ಆಗಲ್ಲ ಅಂದಿದ್ದಕ್ಕೆ ಈ ತಿಂಗಳು ಮನೆಗೆ ಕಳಿಸ್ತಾರೆ."

ಅಮ್ಮಾವ್ರು ಡಾಕ್ಟರು ಮಲಗಿದ್ದ ಕೋಣೆಗೆ ಹೋಗಿ ಬಾಗಿಲು ಮುಚ್ಚಿದರು, ಆದರೆ ಅವರ ಮಾತು ಕೊನೆಯ ವಾರ್ಡಿನವರೆಗೂ ಕೇಳಿಸಿತು. "ಆ ಹುಡುಗೀನ ಕಳಿಸಿ ನೋಡಿ! ಮನೇಲೂ ಜೀವಮಾನವಿಡೀ ಇದೇ ಲೋಟ. ನನ್ನ ತಮ್ಮನಿಗೂ ಹೇಳಿ, ಅವನೂ ಬಂದು ಕುಡೀಲಿ!"

ಸಂಜೆಗೆ ಅಪ್ಪಣೆ ರದ್ದಾಯಿತು. ರೋಗಿಗಳ ಮೇಲೆ ಕರುಣೆ ಹುಟ್ಟಿ ಅಲ್ಲ, ಹೆಂಡತಿಗೆ ಹೆದರಿ. ಇರಲಿ, ಹಸಿದವನಿಗೆ ಕಾರಣ ಬೇಕಾಗಿಲ್ಲ.

ಮರುದಿನ ಮೇಡಂ ತಾನೇ ಗೊತ್ತುಮಾಡಿದ ಊಟದ ತಟ್ಟೆಗಳ ಹಿಂದೆ ಕಿಡ್ನಿ ವಾರ್ಡಿಗೆ ಹೋದಳು. ಮೂಲೆಯ ಹಾಸಿಗೆಯ ಅಜ್ಜ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ಮನೇಲಿ ಸಿಗೋದನ್ನೇ ತಿನ್ನೋಕೆ ಆಸ್ಪತ್ರೆಗೆ ಬರಬೇಕಾ? ಪಕ್ಕದ ವಾರ್ಡಿನವರಿಗೆ ಕೊಟ್ರಂತಲ್ಲ, ಆ ದುಬಾರಿ ಪುಡಿ. ಅದು ಕೊಡು ತಾಯಿ."

ಪಥ್ಯದ ಮೇಡಂ ತಟ್ಟೆಯನ್ನು ಮತ್ತೆ ಅಜ್ಜನ ಮುಂದಕ್ಕೆ ಸರಿಸಿ, ಸ್ಟೂಲು ಎಳೆದುಕೊಂಡು ಕೂತಳು.